ಅಕ್ಕ ಮಲಗಿದ್ದ ಕಾರು ನಾಲೆಗಿಳಿದ ದಿನ

ನಾನು ಚಿಕ್ಕವನಿದ್ದಾಗ, ಅಂದರೆ ಮುಂದಿನ ಎರಡು ಹಲ್ಲು ಬಿದ್ದು ಹೊಸವು ಇನ್ನೂ ಮೂಡಿರದ ಕಾಲದಲ್ಲಿ, ನಮ್ಮ ಮನೆಯ ಮುಂದೆ ಮೂರು ಕಾರುಗಳಿದ್ದವು. ಸಾಹುಕಾರರ ಮನೆ ಎಂದುಕೊಳ್ಳಬೇಡಿ. ಕೃಷ್ಣರಾಜಪೇಟೆಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಕುಲುಮೆ ಇಟ್ಟುಕೊಂಡಿದ್ದರು. ಕುಡುಗೋಲು, ನೇಗಿಲಿನ ಗುಳ, ಗಾಡಿ ಚಕ್ರದ ಪಟ್ಟಿ ಬಡಿಯುವುದು ಅವರ ಕಸುಬು. ಯಾರೋ ಬೇಡವೆಂದು ಮೂಲೆಗೆ ತಳ್ಳಿದ ಕಾರುಗಳನ್ನು ಮೈಸೂರಿನಿಂದ ಎಳೆಸಿಕೊಂಡು ಬಂದು, ಇದರ ಭಾಗ ಅದಕ್ಕೆ, ಅದರ ಭಾಗ ಇದಕ್ಕೆ ಜೋಡಿಸಿ, ಕೊನೆಗೆ ಒಂದನ್ನು ಓಡುವಂತೆ ಮಾಡಿದ್ದರು. ಉಳಿದೆರಡರಲ್ಲಿ ಒಂದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಇನ್ನೊಂದರಲ್ಲಿ ಅವ್ವ ಸೌದೆ ಒಟ್ಟುತ್ತಿದ್ದಳು.

ಓಡುವ ಕಾರಿನ ಮೈ ಕಪ್ಪು, ಬಾಗಿಲು ಮಾತ್ರ ಹಸಿರು. ಒಳಗೆ ಕೂತರೆ ಪೆಟ್ರೋಲು, ಸೀಟಿನ ತೆಂಗಿನ ನಾರು, ಅಪ್ಪನ ಅಂಗಿಯ ಇದ್ದಿಲು, ಎಲ್ಲ ಸೇರಿದ ಒಂದು ವಾಸನೆ. ಕಾಲ ಕೆಳಗಿನ ತಗಡಿನಲ್ಲಿ ಅಂಗೈಯಗಲದ ತೂತಿತ್ತು. ಅದರಲ್ಲಿ ಬಗ್ಗಿ ನೋಡಿದರೆ ರಸ್ತೆ ನದಿಯ ಹಾಗೆ ಹಿಂದಕ್ಕೆ ಹರಿಯುತ್ತಿತ್ತು. ಹ್ಯಾಂಡ್‌ಬ್ರೇಕು ಇರಲೇ ಇಲ್ಲ. ಗೇರಿನಲ್ಲಿ ಬಿಟ್ಟರೂ ಇಳಿಜಾರಿನಲ್ಲಿ ಕಾರು ನಿಲ್ಲುತ್ತಿರಲಿಲ್ಲ. ಆದ್ದರಿಂದ ಎಲ್ಲೇ ನಿಲ್ಲಿಸಲಿ, ಇಳಿದು ಓಡಿ ಚಕ್ರಕ್ಕೆ ಕಲ್ಲು ಕೊಡುವುದು ನನ್ನ ಕೆಲಸ. ಆ ಕೆಲಸ ಸಿಕ್ಕಿದ್ದಕ್ಕೆ ನನಗೆ ಎಷ್ಟು ಜಂಬವೆಂದರೆ, ಶಾಲೆಯಲ್ಲಿ ನಾನು ಅರ್ಧ ಡ್ರೈವರ್ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಬೆಳಿಗ್ಗೆ ಅಪ್ಪ, ಅಕ್ಕ, ನಾನು ಮೂವರೂ ಶ್ರೀರಂಗಪಟ್ಟಣದ ಸೋದರತ್ತೆಯ ಮನೆಗೆ ಹೊರಟೆವು. ಅಕ್ಕನಿಗೆ ಆಗ ಹನ್ನೆರಡು ವರ್ಷ. ಕಾರು ಹತ್ತಿದರೆ ಅವಳಿಗೆ ತಲೆಸುತ್ತು. ಒಂದು ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದಳು. ಪಾಂಡವಪುರದ ಕಡೆ ಬರುತ್ತಿದ್ದಂತೆ ರಸ್ತೆಯ ಎರಡೂ ಕಡೆ ಕಬ್ಬು, ಆಲೆಮನೆಯ ಹೊಗೆ, ಬೆಲ್ಲದ ಪಾಕದ ಘಮ. ಕ್ಯಾತನಹಳ್ಳಿ ಇನ್ನೂ ಮುಂದಿತ್ತು. ನಾಲೆಯ ಸೇತುವೆಯ ಏರು ಹತ್ತುವಾಗ ಕಾರಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ರೇಡಿಯೇಟರಿನ ನೀರು ಕುದಿದಿತ್ತು.

ಅಪ್ಪ ಬ್ರೇಕು ತುಳಿದುಕೊಂಡೇ ಕೂಗಿದರು. "ಮಗಾ, ಕಲ್ಲ್ ಕೊಟ್ಬುಡ್ಲಾ!"

ನಾನು ಜಿಗಿದೆ. ಕಲ್ಲು ಡಿಕ್ಕಿಯಲ್ಲಿತ್ತು. ಡಿಕ್ಕಿಯ ಮುಚ್ಚಳಕ್ಕೆ ಸುತ್ತಿದ್ದ ತಂತಿ ಬಿಚ್ಚಬೇಕಾಗಿತ್ತು. ಅಷ್ಟರಲ್ಲಿ ಸೇತುವೆಯ ಮೇಲಿಂದ ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ಇಳಿದು ಬರುತ್ತಿರುವುದು ಕಾಣಿಸಿತು. ಗಾಡಿಯ ಹಿಂದೆ ಓಡಿ ಒಂದು ಜಲ್ಲೆ ಎಳೆದುಕೊಳ್ಳದಿದ್ದರೆ ನಾನು ಹುಡುಗನೇ ಅಲ್ಲ! ತಂತಿ ಬಿಚ್ಚುತ್ತಾ ಕೂತರೆ ಗಾಡಿ ಹೊರಟುಹೋಗುತ್ತದೆ. ಪಕ್ಕದ ಉತ್ತ ಹೊಲದ ಬದಿಯಲ್ಲಿ ಒಂದು ದೊಡ್ಡ ಮಣ್ಣಿನ ಹೆಂಟೆ ಬಿದ್ದಿತ್ತು. ಬಿಸಿಲಿಗೆ ಕಾದು ಕಲ್ಲಿನಷ್ಟೇ ಗಟ್ಟಿಯಾಗಿ ಕಂಡಿತು. ಅದನ್ನೇ ಹೊತ್ತು ತಂದು ಹಿಂದಿನ ಚಕ್ರಕ್ಕೆ ಒತ್ತಿಟ್ಟು, "ಕೊಟ್ಟೆ ಕಣಪ್ಪಾ" ಎಂದೆ.

ಅಪ್ಪ ಡಬ್ಬ ಹಿಡಿದು ನಾಲೆಯ ಮೆಟ್ಟಿಲಿಗೆ ಇಳಿದರು. ಅಕ್ಕ ನಿದ್ದೆ ಹೋಗಿದ್ದಳು. ನಾನು ಗಾಡಿಯ ಹಿಂದೆ ಓಡಿ, ಜೋತುಬಿದ್ದು, ಒಂದು ಜಲ್ಲೆ ಎಳೆದೇ ಎಳೆದೆ. ಮುಂದಿನ ಹಲ್ಲಿಲ್ಲದ್ದರಿಂದ ದವಡೆಯಲ್ಲಿ ಕಚ್ಚಿ ಸಿಪ್ಪೆ ಸುಲಿದೆ. ಸಿಹಿ ಬಾಯಿತುಂಬ ಇಳಿಯಿತು. ಆಗ ಗಾಡಿ ಹೊಡೆಯುತ್ತಿದ್ದವನು ಕಿರುಚಿದ.

"ಅಯ್ಯಯ್ಯೋ, ಕಾರು ಇಂದಕ್ ಓಯ್ತಾ ಅದೆ! ಇಡ್ಕಳ್ರಲಾ!"

ತಿರುಗಿ ನೋಡಿದೆ. ಕಾರು ತನ್ನಷ್ಟಕ್ಕೆ ಇಳಿಯುತ್ತಿತ್ತು. ಇಂಜಿನ್ನಿನ ಸದ್ದಿಲ್ಲ, ಹಾರನ್ನಿಲ್ಲ. ಜಲ್ಲಿಕಲ್ಲು ಕರಕರ ಎನ್ನುವುದು ಮಾತ್ರ ಕೇಳುತ್ತಿತ್ತು. ನಾನು ಓಡಬೇಕಿತ್ತು, ಕೂಗಬೇಕಿತ್ತು. ಎರಡೂ ಆಗಲಿಲ್ಲ. ಬಾಯಲ್ಲಿ ಕಬ್ಬಿತ್ತು. ರಸ್ತೆ ತಿರುಗುವ ಕಡೆ ಕಾರು ತಿರುಗಲಿಲ್ಲ. ನೆಟ್ಟಗೆ ದಡದ ಏರಿ ದಾಟಿ, ನಮ್ಮ ಅಪ್ಪ ನೀರು ಮೊಗೆಯುತ್ತಿದ್ದ ಜಾಗಕ್ಕೆ ಹತ್ತು ಮಾರು ಆಚೆ, ನಾಲೆಗೆ ಧುಮುಕಿತು. ಹಸಿರು ಬಾಗಿಲು ನೀರಿಗೆ ಇಳಿಯುವುದನ್ನು ನಾನು ನಿಂತು ನೋಡಿದೆ.

"ನನ್ ಕೂಸು! ಒಳ್ಗವ್ಳೆ ನನ್ ಕೂಸು!" ಎಂದು ಅಪ್ಪ ಕೂಗಿ ಹಾರಿದರು.

ಮಕ್ಕಳೇ, ನಮ್ಮ ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಅವರ ತಲೆ ಒಮ್ಮೆ ಮೇಲೆ ಬಂತು, ಮತ್ತೆ ಮುಳುಗಿತು. ತುಂಬು ನಾಲೆ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಕಾರಿನ ಮೇಲ್ಛಾವಣಿ ಕೂಡ ಕಾಣದಾಯಿತು. ಅಷ್ಟರಲ್ಲಿ ನೀರಿನ ನಡುವೆ ಎರಡು ಜಡೆಯ ತಲೆಯೊಂದು ಎದ್ದಿತು. ಅಕ್ಕ! ಹಿಂದಿನ ಕಿಟಕಿಗೆ ಗಾಜಿರಲಿಲ್ಲ, ಅಪ್ಪ ಗೋಣಿತಟ್ಟು ಕಟ್ಟಿದ್ದರು. ಅದನ್ನು ಹರಿದು ಹೊರಗೆ ಬಂದಿದ್ದಳು. ಅವಳು ದಡಕ್ಕೆ ಬರಲಿಲ್ಲ. ಸುತ್ತ ನೋಡಿದಳು, ಅಪ್ಪನ ಕೈ ಕಂಡಳು, ಅತ್ತ ಈಜಿದಳು. ಗಾಡಿಯವನು ಕಬ್ಬಿಗೆ ಬಿಗಿದಿದ್ದ ಹಗ್ಗ ಬಿಚ್ಚಿ ಎಸೆದ. ಅಕ್ಕ ಅದರ ತುದಿ ಹಿಡಿದು ಇನ್ನೊಂದು ಕೈಯಲ್ಲಿ ಅಪ್ಪನ ಅಂಗಿ ಹಿಡಿದಳು. ಅವನು ಏರಿಗೆ ಕಾಲು ಕೊಟ್ಟು ಇಬ್ಬರನ್ನೂ ಎಳೆದ.

ಅಪ್ಪ ಕೆಮ್ಮಿ ಕೆಮ್ಮಿ ನೀರು ಕಕ್ಕಿದರು. ಅಕ್ಕನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಕೇಳಿದರು.

"ಈಜು ಯಾವಾಗವ್ವ ಕಲ್ತೆ?"

"ಬಯ್ಬ್ಯಾಡ ಕಣಪ್ಪ. ತ್ವಾಟದ್ ಬಾವೀಲಿ, ತೇಲಾಕೆ ಸ್ವಾರೆಬುರುಡೆ ಕಟ್ಕಂಡು ಕಲ್ತೆ" ಎಂದಳು ಅಕ್ಕ. ಹಲ್ಲು ಕಟಕಟ ಎನ್ನುತ್ತಿದ್ದರೂ ಅವಳಿಗೆ ಬೈಗುಳದ್ದೇ ಭಯ.

ಆಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ಕಲ್ಲ್ ಕೊಟ್ಟಿರ್ನಿಲ್ವೇನ್ಲಾ?"

"ಕೊಟ್ಟಿದ್ದೆ" ಎಂದೆ. ಹೇಗೆ ಅಷ್ಟು ಸಲೀಸಾಗಿ ಸುಳ್ಳು ಬಂತೋ.

ಗಾಡಿಯವನು ರಸ್ತೆಯ ಮೇಲೆ ಪುಡಿಯಾಗಿ ಬಿದ್ದಿದ್ದ ಮಣ್ಣಿನ ಕಡೆ ನೋಡಿದ. ನನ್ನ ಕಡೆ ನೋಡಿದ. ಹಗ್ಗ ಸುತ್ತತೊಡಗಿದ. ಅಕ್ಕ ಒದ್ದೆ ಜಡೆ ಹಿಂಡುತ್ತಾ, "ಅವ್ನು ಕೊಟ್ಟೆ ಅಂದ್ಮ್ಯಾಕೆ ಕೊಟ್ಟಿರ್ತಾನೆ ಬುಡಪ್ಪ, ಪಾಪ" ಎಂದಳು.

ಆ ಮಾತು ಕೇಳಿದ್ದೇ ತಡ, ನನ್ನ ಎದೆ ಒಡೆದುಹೋಯಿತು. ನೀರಿಗೆ ಹೋದವಳು ನನ್ನ ಪರವಾಗಿ ಮಾತಾಡುತ್ತಿದ್ದಾಳೆ! "ಇಲ್ಲ, ಮಣ್ಣಿನ್ ಎಂಟೆ ಕೊಟ್ಟಿದ್ದೆ, ಕಬ್ಬಿಗೆ ಓಗ್ಬೇಕಿತ್ತು" ಎಂದು ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಕಣ್ಣು ಮುಚ್ಚಿ ಏಟಿಗೆ ಕಾದು ನಿಂತೆ. ಸುತ್ತಿಗೆ ಹಿಡಿಯುವ ಕೈ ಅದು.

ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾರು ಮುಳುಗಿದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ನಡುಗಿಸಿತು.

"ನಿನ್ ತಪ್ಪಲ್ಲ ಕಣ್ಲಾ" ಎಂದರು. "ಊರೋರ್ ಗಾಡೀಗೆಲ್ಲ ಪಟ್ಟಿ ಬಡ್ಯೋನು ನಾನು, ನನ್ ಕಾರಿಗೊಂದು ಹ್ಯಾಂಡ್‌ಬ್ರೇಕ್ ಮಾಡ್ಕಳ್ದೆ ಏಳ್ ವರ್ಸದ್ ಮಗೀನ್ ಕೈಗೆ ಜೀವ ಕೊಟ್ಟಿದ್ನಲ್ಲ."

ನಾವು ಮನೆಗೆ ಮರಳಿದ್ದು ಬಸ್ಸಿನಲ್ಲಿ. ದಾರಿಯುದ್ದಕ್ಕೂ ಅಕ್ಕ ನನ್ನ ಕೈ ಹಿಡಿದುಕೊಂಡೇ ಇದ್ದಳು. ಆದರೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನನ್ನ ತಲೆಗೆ ಜೋರಾಗಿ ಒಂದು ಮೊಟಕಿ, "ಎಂಟೆ" ಎಂದು ಹೊಸ ಹೆಸರಿಟ್ಟಳು. ನಾಲ್ಕು ಜೊತೆ ಎತ್ತು ಕಟ್ಟಿ ಕಾರನ್ನು ಎಳೆದಾಗ ಬಾಗಿಲ ಸಂದಿನಿಂದ ನೀರು ಸುರಿಯಿತು, ಸೀಟಿನ ಮೇಲೆ ಸಣ್ಣ ಮೀನುಗಳು ಮಿಡುಕುತ್ತಿದ್ದವು. ಅಪ್ಪ ಬೇರೆ ಕೆಲಸ ಬಿಟ್ಟು ಮೊದಲು ಹ್ಯಾಂಡ್‌ಬ್ರೇಕು ಮಾಡಿದರು. ಆಮೇಲೆ, ನಲವತ್ತು ದಾಟಿದ ಗಂಡಸು, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಇಳಿದರು. ಮೆಟ್ಟಿಲ ಮೇಲೆ ನಿಂತು "ಕಾಲ್ ಬಡಿ, ಕಾಲ್ ಬಡಿಯಪ್ಪೋ" ಎಂದು ಗದರುತ್ತಿದ್ದವಳು ಅಕ್ಕ. ಅವಳೇ ನಾಗಮಂಗಲದಲ್ಲಿರುವ ನಿಮ್ಮ ದೊಡ್ಡಜ್ಜಿ.

ಈಗ ನಿಮ್ಮ ಅಪ್ಪ ಒಂದು ಗುಂಡಿ ಒತ್ತಿದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಅದನ್ನು ನಿಲ್ಲಿಸಲು ಯಾವ ಮಗುವೂ ಇಳಿದು ಓಡಬೇಕಿಲ್ಲ. ನಾಲೆಯ ಆ ತಿರುವಿಗೆ ತಡೆಗೋಡೆ ಬಂದಿದೆ. ಬೆಲ್ಟು ಹಾಕದಿದ್ದರೆ ನಿಮ್ಮ ಕಾರು ಕೀ ಕೀ ಎನ್ನುತ್ತದೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಮತ್ತೆ ಕೂಗುತ್ತದೆ. ನೀವು ಕಿವಿ ಮುಚ್ಚಿಕೊಂಡು, "ಅಯ್ಯೋ ತಾತ, ಇದು ಸುಮ್ನಿರೋದೇ ಇಲ್ಲ" ಎನ್ನುತ್ತೀರಿ. ಕೂಗಲಿ ಬಿಡಿ ಮಕ್ಕಳೇ. ಸುಮ್ಮನಿರುವ ಕಾರನ್ನು ನಾನು ನೋಡಿದ್ದೇನೆ.