ಅಳತೆಯ ನೀರು

ನಾನು ಮಾನ್ವಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು, ನನ್ನ ಗಂಡ ದೇವದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತರು. ಶನಿವಾರ ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿದು ರಾಯಚೂರಿಗೆ, ಅತ್ತೆಯ ಮನೆಗೆ ಬರುತ್ತಿದ್ದೆವು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ನಮ್ಮ ಸಂಸಾರ ಮುಗಿಯುತ್ತಿತ್ತು. ಒಂದೇ ಊರಿಗೆ ವರ್ಗ ಮಾಡಿಸಿಕೊಳ್ಳಲು ನಾವು ಕಂಡ ಸಾಹೇಬರು ಒಬ್ಬಿಬ್ಬರಲ್ಲ. ಕೊನೆಗೆ, ಎಂಬತ್ತರ ದಶಕ ಶುರುವಾದ ಹೊತ್ತಿಗೆ, ನಮ್ಮನ್ನು ಒಂದೇ ಮನೆಯಲ್ಲಿ ಕೂಡಿಸಿದ್ದು ವರ್ಗಾವಣೆಯಲ್ಲ, ಅವರ ಕಾಯಿಲೆ. ಅವರು ರಜೆ ಹಾಕಿ ತಾಯಿಯ ಮನೆಗೆ ಬಂದರು. ನಾನು ಅಲ್ಲಿಂದಲೇ ಮಾನ್ವಿಗೆ ದಿನಾ ಓಡಾಡತೊಡಗಿದೆ.

ಮೂತ್ರಪಿಂಡ ಎರಡೂ ಸೋತಿವೆ ಎಂದರು ಡಾಕ್ಟರು. ಉಪ್ಪು ಬಂದ್, ನೀರಿಗೆ ಲೆಕ್ಕ. ಖಾಲಿಯಾದ ಟಾನಿಕ್ ಬಾಟಲಿ ತೊಳೆದು ಬೆಳಿಗ್ಗೆ ಅದರಲ್ಲಿ ನೀರು ತುಂಬಿಡುವುದು, ರಾತ್ರಿಯವರೆಗೆ ಅಷ್ಟೇ. ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಹೊಸ್ತಿಲಿಗೆ ಯಾರೇ ಬಂದರೂ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವ ಸೀಮೆ ನಮ್ಮದು. ಅಂಥಲ್ಲಿ, ಆ ಬಿಸಿಲಲ್ಲಿ, ಕಟ್ಟಿಕೊಂಡ ಗಂಡನಿಗೆ ‘ನೀರು ಸಾಕು’ ಎನ್ನುವ ಕೆಲಸ ವೈರಿಗೂ ಬೇಡ. ನಾನು ಅವರೆದುರು ನೀರು ಕುಡಿಯುವುದನ್ನೇ ಬಿಟ್ಟೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ತಂಬಿಗೆ ಸಪ್ಪಳವಾಗದಂತೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಬರುತ್ತಿದ್ದೆ. ಅತ್ತೆಯೂ ಹಾಗೇ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಒಂದೇ ಮನೆಯಲ್ಲಿ ಇಬ್ಬರು ಕಳ್ಳಿಯರು!

ಅವರು ಸಿಟ್ಟಿನ ಮನುಷ್ಯರಲ್ಲ. ಒಂದು ದಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನಕ್ಕರು.

“ಸಣ್ಣಾಂವ ಇದ್ದಾಗ ನಮ್ಮನ್ನ ಬಾವಿ ಕಟ್ಟಿ ಹತ್ತಗೊಡ್ತಿದ್ದಿಲ್ಲ. ಅವರು ಮ್ಯಾಲಿಂದ ಹಾಕಿದಷ್ಟು ಬೊಗಸ್ಯಾಗ ಹಿಡದು ಕುಡೀಬೇಕಿತ್ತು. ಓದಿದೆ, ನೌಕರಿ ಬಂತು, ಮನ್ಯಾಗ ನಳ ಬಂತು. ಈಗ ನೀ ಅಳದು ಹಾಕಾಕತ್ತಿ.”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಅವರು ಸಪ್ಪಳ ನಿಲ್ಲುವವರೆಗೆ ಕಾದು, “ಸಮುದ್ರ ನೋಡಿ ಬರೋಣ ನಡಿ. ಅಳತಿ ಇಲ್ಲದ ನೀರು ಒಮ್ಮೆ ನೋಡಬೇಕು” ಎಂದರು.

ಗೋಕರ್ಣ ಎಂದಕೂಡಲೇ ಪಕ್ಕದ ಮನೆಯಾಕೆ ಪ್ರಸಾದ ತರಲು ಹೇಳಿದಳು. ಅತ್ತೆ ಮಾತ್ರ, “ಯಪ್ಪಾ, ಈ ಮೈಯಾಗ ಬ್ಯಾಡೋ” ಎಂದು ಅಂಗಲಾಚಿದರು. ಮಗ ಕೇಳದಿದ್ದಾಗ ಕಣ್ಣೊರೆಸಿಕೊಳ್ಳುತ್ತಲೇ ಉಪ್ಪಿಲ್ಲದ ಖಡಕ್ ರೊಟ್ಟಿ ಕಟ್ಟಿಕೊಟ್ಟರು. ಅವರ ಬಾಟಲಿಯನ್ನು ನಾನು ಮರೆಯಲಿಲ್ಲ. ನನಗೆಂದು ಮಾತ್ರ ನೀರು ಹೊರಲಿಲ್ಲ. ಪಕ್ಕದ ಕವಿತಾಳಕ್ಕೆ ಹೊರಟರೂ ನೀರು ಕಟ್ಟಿಕೊಳ್ಳುವ ಜನ ನಾವು. ಆದರೆ ಕಡಲ ಸೀಮೆಯೆಂದರೆ ಕಾಲಿಟ್ಟಲ್ಲಿ ನೀರು ಎಂದು ನಂಬಿದ್ದೆ. ಹೊಳೆಗೆ ಹೋಗುವವರು ಕೊಡ ತುಂಬಿಕೊಂಡು ಹೋಗುತ್ತಾರೆಯೇ?

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಶನಿವಾರ ಸಂಜೆ ಮುಟ್ಟಿದೆವು. ಊರ ಮುಂದಿನ ದಂಡೆಯಲ್ಲಿ ಜಾತ್ರೆಯಂಥ ಜನ, ಪಿಂಡ, ತರ್ಪಣ. “ಇಲ್ಲೂ ನೀರಿನ ಮುಂದ ಮಂತ್ರ ಹೇಳೋರು ನಿಂತಾರ” ಎಂದು ಅವರು ಮುಖ ತಿರುಗಿಸಿದರು. ಗುಡ್ಡ ದಾಟಿದರೆ ಯಾರೂ ಇಲ್ಲದ ದಂಡೆಯಿದೆ, ಹತ್ತಿರವೇ, ಎಂದು ಲಾಡ್ಜಿನವನು ಹೇಳಿದ. ಭಾನುವಾರ ಬೆಳಿಗ್ಗೆ ಹೊರಟೆವು.

ಬಸ್ಸು ಬರುವ ಮೊದಲೇ ಅದರ ಧೂಳು ಕಾಣುವ ಬಯಲಿನವರು ನಾವು. ಅಲ್ಲಿ ದಾರಿ ಒಂದು ತಿರುವಿನಾಚೆ ಏನನ್ನೂ ತೋರಿಸುತ್ತಿರಲಿಲ್ಲ. ತೂತು ತೂತಾದ ಕೆಂಪು ಕಲ್ಲು, ಕಾಲ ಕೆಳಗೆ ಜಾರುವ ಗರಸು, ಬಲಕ್ಕೆ ಕೆಳಗೆ ಸಮುದ್ರ. ಅವರ ಪಾದ ಬಾತು ಚಪ್ಪಲಿಯ ಪಟ್ಟಿ ಕೂಡುತ್ತಿರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರು. ನನಗೆ ಭಯ. ಇಲ್ಲಿ ಏನಾದರೂ ಆದರೆ ಯಾರನ್ನು ಕೂಗಲಿ?

“ಹೊಳ್ಳೋಣ ನಡೀರಿ.”

“ಸಾಯೋದೇ ಇದ್ರ ಇಳಿಜಾರದಾಗ ಸಾಯ್ತೀನಿ. ಏರು ಮುಗೀಲಿ.”

ಆದರೆ ಎರಡನೆಯ ಏರಿನಲ್ಲಿ ಕುಸಿದು ಕೂತವಳು ನಾನು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಒಂದು ಬಾವಿಯಿಲ್ಲ, ಮನೆಯಿಲ್ಲ. ಕೆಳಗೆ ಮಾತ್ರ ಕಣ್ಣು ಹಾಯುವಷ್ಟೂ ನೀರು. ಅವರು ಚೀಲದಿಂದ ಬಾಟಲಿ ತೆಗೆದು ನನ್ನ ಮುಂದೆ ಹಿಡಿದರು.

“ಅದು ನಿಮ್ಮ ಪಾಲಿಂದು. ಇವತ್ತಿಂದು ಇಷ್ಟೇ ಅದ” ಎಂದೆ.

“ನೀ ಬಚ್ಚಲದಾಗ ಕುಡೀತಿ ಅಂತ ಗೊತ್ತದ ನನಗ. ಅವ್ವಾನೂ ಅಲ್ಲೇ ಕುಡೀತಾಳ. ಒಬ್ಬರು ನೀರು ಕುಡಿಯೂದು ನೋಡಿ ಎಷ್ಟು ದಿನ ಆತು ನನಗ! ಇಲ್ಲಿ ಕುಡಿ, ನನ್ನ ಮುಂದ ಕುಡಿ.”

ಕುಡಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿದರೆ, “ಇನ್ನೊಂದು ಗುಟುಕು” ಎಂದರು. ಅಳುತ್ತ ಎಲ್ಲವನ್ನೂ ಕುಡಿದುಬಿಟ್ಟೆ. ಕಾಯಿಲೆ ಬಂದ ಮೇಲೆ ಅವರ ಮುಖದಲ್ಲಿ ಅಷ್ಟು ಸಮಾಧಾನ ನಾನು ಕಂಡದ್ದು ಆಗ ಮಾತ್ರ.

ಕೆಳಗಿನ ದಂಡೆಯಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. ಅವರು ಸೊಂಟದವರೆಗೆ ನೀರಲ್ಲಿ ಕೂತು, ಬೊಗಸೆ ಬೊಗಸೆ ಎತ್ತಿ ತಲೆಗೆ ಸುರಿದುಕೊಂಡರು. “ಇದಕ್ಕ ಕಾವಲಿಲ್ಲ, ಅಳತಿ ಇಲ್ಲ. ಕುಡ್ಯಾಕ ಮಾತ್ರ ಬರಂಗಿಲ್ಲ. ನಮ್ಮ ನಸೀಬ ನೋಡು” ಎಂದು ಮತ್ತೆ ನಕ್ಕರು. ವಾಪಸು ಬಂದದ್ದು, ಆ ಕಡೆ ಹಾಯುತ್ತಿದ್ದ ಮೀನುಗಾರರ ದೋಣಿಯನ್ನು ಕೂಗಿ ಕರೆದು, ಅದರಲ್ಲಿ. ಮನೆ ಮುಟ್ಟಿದ ಮೇಲೆ ನಾನೂ ಅತ್ತೆಯೂ ಪಡಸಾಲೆಯಲ್ಲೇ, ಅವರೆದುರೇ ನೀರು ಕುಡಿದೆವು. ಅವರು ಹಾಗೇ ಬಯಸಿದ್ದರು. ನನಗದು ಕೊನೆಯವರೆಗೂ ಗಂಟಲಲ್ಲಿ ಸರಾಗ ಇಳಿಯಲಿಲ್ಲ.

ಆ ಕೊನೆ ಬಂದಾಗ ಆ ವರ್ಷದ ಯುಗಾದಿ ಇನ್ನೂ ಬಂದಿರಲಿಲ್ಲ. ದೇವದುರ್ಗದಿಂದ, ಮಾನ್ವಿಯಿಂದ ಬಂಧುಗಳು ಬಂದು ಅವರ ಮಂಚದ ಸುತ್ತ ನಿಂತಿದ್ದರು. ಅವರಿಗೆ ಉಸಿರಷ್ಟೇ ಉಳಿದಿತ್ತು. “ಬಾಯಾಗ ನೀರು ಬಿಡ್ರಿ ಯವ್ವಾ, ಹೊತ್ತಿಲ್ಲ” ಎಂದರು ಹಿರಿಯರೊಬ್ಬರು. ಒಬ್ಬೊಬ್ಬರಾಗಿ ಚಮಚದಲ್ಲಿ ಬಿಟ್ಟರು. ನನ್ನ ಪಾಳಿ ಬಂದಾಗ, ರೂಢಿಯಂತೆ ಕೈ ಟಾನಿಕ್ ಬಾಟಲಿಗೆ ಹೋಯಿತು. ಅತ್ತೆ ನನ್ನ ಕೈ ಹಿಡಿದು ತುಂಬಿದ ತಂಬಿಗೆ ಕೊಟ್ಟರು.

“ಇವತ್ತು ಅಳೀಬ್ಯಾಡ ಬೇ.”

ತಂಬಿಗೆಯನ್ನೇ ಅವರ ಬಾಯಿಗೆ ಬಾಗಿಸಿದೆ. ಎರಡು ಹನಿ ಒಳಗೆ ಹೋಗಿರಬೇಕು. ಉಳಿದದ್ದೆಲ್ಲ ಗಲ್ಲದ ಮೇಲೆ ಹರಿದು ದಿಂಬನ್ನು ತೋಯಿಸಿತು.