ಅವ್ವ ಒಡೆದ ನೇರಳೆ ಕಲ್ಲು

ಎಂದೋ ಬಿದ್ದ ಸುತ್ತಿಗೆಯ ಏಟಿಗೆ ಅವ್ವನ ಎಡ ಹೆಬ್ಬೆರಳಿನ ಉಗುರು ಸೀಳಿ, ಎರಡು ಹೋಳಾಗಿಯೇ ಬೆಳೆಯುತ್ತಿತ್ತು. ಆ ಬೆರಳಿನಿಂದ ಅವಳು ಕಲ್ಲನ್ನು ಸವರಿ, ತಿರುವಿ, ಎಲ್ಲಿ ಹೊಡೆದರೆ ಒಡೆಯುತ್ತದೆಂದು ಗುರುತಿಸುತ್ತಿದ್ದಳು.

ಕಾಚಿಗೂಡದ ಹಿಂದಿನ ಓಣಿಯಲ್ಲಿ ಖನಿಜ ಪರೀಕ್ಷಿಸುವ ಒಂದು ಸಣ್ಣ ಖಾಸಗಿ ಪ್ರಯೋಗಾಲಯವಿತ್ತು. ಭೂವಿಜ್ಞಾನ ಓದಿ ಮುಗಿಸಿದ ಹೊಸತರಲ್ಲಿ ನಾನು ಅಲ್ಲಿ ಸೇರಿದೆ. ನನ್ನ ಸಹಪಾಠಿಗಳೆಲ್ಲ ಆಗಲೇ ಕಂಪ್ಯೂಟರ್ ಕೋರ್ಸು ಹಿಡಿದಿದ್ದರು. ಅವ್ವ ಯಾದಗಿರಿ ಕಡೆಯವಳು. ಕೂಲಿಗೆಂದು ಬಂದು, ಗಾಜಿನ ಕಟ್ಟಡಗಳಿಗೆ ಪಾಯ ತೋಡುವಲ್ಲಿ ಬಂಡೆ ಒಡೆದು, ಕೊನೆಗೆ ನಮ್ಮಲ್ಲಿ ಮಾದರಿ ಕಲ್ಲು ಒಡೆಯುವ ಕೆಲಸಕ್ಕೆ ನಿಂತಿದ್ದಳು. ಲಿಂಗಂಪಲ್ಲಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದಳು. ಮಾಲೀಕರೊಂದಿಗೆ ತೆಲುಗು, ಕಾವಲುಗಾರನೊಂದಿಗೆ ಹಿಂದಿ, ಕಲ್ಲುಗಳೊಂದಿಗೆ ಮಾತ್ರ ಕನ್ನಡ. ಎಲ್ಲರೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು. ಅಲ್ಲಿನ ತೆಲುಗಿನವರಿಗೆ ಆ ಮಾತಿನ ಅರ್ಥ ಅಜ್ಜಿ, ನನಗೆ ತಾಯಿ. ನಾನೂ ಕನ್ನಡದವಳೆಂದು ತಿಳಿದ ದಿನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದುಕೊಟ್ಟು, "ಮೊದಲ ಉಣ್ರಿ, ಆಮ್ಯಾಲ ಬರೀರಿ" ಎಂದಿದ್ದಳು.

ಆ ವರ್ಷ ಕೆಲಸ ಕಡಿಮೆಯಾಗಿ, ಮಾಲೀಕರು ಜಾಗವನ್ನು ಕಂಪ್ಯೂಟರ್ ತರಬೇತಿಯವರಿಗೆ ಬಾಡಿಗೆಗೆ ಕೊಡುವ ಮಾತಾಡುತ್ತಿದ್ದರು. ನಮ್ಮ ಕೈಯಲ್ಲಿ ಉಳಿದಿದ್ದು ಒಂದು ಹಳೆಯ ಅಭ್ರಕ ಗಣಿಯಿಂದ ಬಂದ ಮೂಟೆಗಳು. ಆ ಗಣಿಯಲ್ಲಿ ಬೇರೇನಾದರೂ ಇದೆಯೇ ಎಂದು ಗಣಿಯವರಿಗೆ ತಿಳಿಯಬೇಕಿತ್ತು. ನಾನು ಮೇಲಿನ ಕಪ್ಪು ಪದರವನ್ನಷ್ಟೇ ನೋಡಿ, 'ಮ್ಯಾಂಗನೀಸಿನ ಕಿಲುಬು, ಉಪಯೋಗವಿಲ್ಲ' ಎಂದು ವರದಿ ಬರೆದು ಲಕೋಟೆ ಅಂಟಿಸಿದೆ.

ಅವ್ವ ಬಾಗಿಲಲ್ಲಿ ಬಂದು ನಿಂತಳು. "ಅಕ್ಕಾರ, ಇದನ್ನ ಒಡದು ನೋಡೀರೇನ್ರಿ?"

ಅವಳ ಅಂಗೈಯಲ್ಲಿದ್ದ ಹೋಳು ಹೊರಗೆ ಇದ್ದಿಲಿನಂತೆ ಕಪ್ಪು. ಒಡೆದ ಮುಖ ಮಾತ್ರ ರೇಷ್ಮೆಯ ಮಿನುಗಿನ ಕಡು ನೇರಳೆ. ನನಗೆ ನಾಚಿಕೆಯಾಯಿತು. ಆದರೂ ಸೋಲೊಪ್ಪದೆ, "ನೇರಳೆ ಅಭ್ರಕ ಇರಬೇಕವ್ವಾ, ಕಾಗೆಬಂಗಾರ" ಎಂದೆ.

"ಕಾಗಿಬಂಗಾರ ಆಗಿದ್ರ ಹಾಳಿಹಾಂಗ ಬಿಚ್ಚತಿತ್ತು, ಬಾಗತಿತ್ತು. ಇದು ಚೂರು ಚೂರಾಗಿ ಒಡೀತೈತಿ. ನಾ ಓದಿಲ್ಲರಿ, ಆದ್ರ ನನ್ನ ಕೈಗೆ ಗೊತ್ತಾಕೈತಿ."

ಕಲ್ಲನ್ನು ಬಿಳಿ ಪಿಂಗಾಣಿ ಬಿಲ್ಲೆಗೆ ಉಜ್ಜಿದೆ. ನೇರಳೆ ಗೆರೆ ಮೂಡಿತು. ಚಾಕುವಿನ ಮೊನೆಗೆ ಗೀರು ಬಿತ್ತು. ಆಮ್ಲದಲ್ಲಿ ಅದ್ದಿದಾಗ ಕಪ್ಪು ಕರಗಿ ನೇರಳೆ ಬಣ್ಣ ಇನ್ನೂ ಉಜ್ವಲವಾಯಿತು. ಲಕೋಟೆ ಹರಿದುಹಾಕಿ, ಗೊಣಗುತ್ತಿದ್ದ ಮಾಲೀಕರನ್ನು ಒಪ್ಪಿಸಿ, ಹೋಳನ್ನು ಎಕ್ಸ್-ರೇ ಪರೀಕ್ಷೆಗೆ ಕಳಿಸಿದೆ. ಉತ್ತರ ಬಂತು: ಪರ್ಪ್ಯೂರೈಟ್. ಅಪರೂಪದ ಮ್ಯಾಂಗನೀಸ್ ಫಾಸ್ಫೇಟ್.

ಅವ್ವನಿಗೆ ವಿವರಿಸಿದೆ. ಕರಗಿದ ಶಿಲೆ ಆರುವಾಗ ಕೊನೆಗುಳಿದ ರಸ ಬಿರುಕುಗಳಲ್ಲಿ ಹೆಪ್ಪುಗಟ್ಟಿ ದೊಡ್ಡ ಹರಳುಗಳಾಗುತ್ತದೆ. ಅಂಥ ಹರಳುಗಳ ಶಿಲೆಯೇ ಪೆಗ್ಮಟೈಟ್. ಅದರಲ್ಲಿ ಮೊದಲು ಹುಟ್ಟಿದ್ದು ಲಿಥಿಯಂ ಬೆರೆತ, ಜೇನಿನ ಬಣ್ಣದ ಕಲ್ಲು. ಆಮೇಲೆ ನೀರು ಲಿಥಿಯಂ ತೊಳೆದೊಯ್ದಿತು. ಆಮ್ಲಜನಕ ತಾಗಿದ ಮ್ಯಾಂಗನೀಸು ಬದಲಾಗಿ ನೇರಳೆ ಬಣ್ಣ ಬಂತು.

ಅವ್ವ ಮೂಟೆಯಿಂದ ಇನ್ನೊಂದು ಹೋಳು ತೆಗೆದು, ಹೆಬ್ಬೆರಳಿನಿಂದ ಸವರಿ ತಿರುವಿದಳು. "ಹಂಗಾದ್ರ ನೀರು ಗಾಳಿ ಮುಟ್ಟದಲ್ಲಿ, ಆಳದಾಗ, ಆ ಮೊದಲಿನ ಕಲ್ಲು ಇನ್ನೂ ಇರಬೇಕಲ್ಲರಿ?"

ಆ ಪ್ರಶ್ನೆಯನ್ನು ನಾನು ಕೇಳಬೇಕಿತ್ತು. ಅದನ್ನೇ ವರದಿಯಲ್ಲಿ ಬರೆದೆ. ಗಣಿಯವರು ಆಳಕ್ಕೆ ಕೊರೆದರು. ಕೆಲವು ತಿಂಗಳ ಮೇಲೆ ಬಂದ ಮೊದಲ ಪೆಟ್ಟಿಗೆಯನ್ನು ಅವ್ವನೇ ಬಿಚ್ಚಿ, ಒಂದು ತುಂಡನ್ನು ಒಡೆದಳು. ಒಳಗೆ ತಾಜಾ ಜೇನಿನ ಬಣ್ಣ! ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಸಿಕ್ಕಿತ್ರೋ!" ಎಂದು ಕೂಗಿದಳು. ಕಲ್ಲು ಒಡೆಯುವ ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತು. ಮೊಬೈಲ್ ಬ್ಯಾಟರಿಗಳಿಗೆ ಎಲ್ಲರೂ ಲಿಥಿಯಂ ಹುಡುಕತೊಡಗಿದ್ದ ಕಾಲ ಅದು. ಮೂಟೆಗಳು ಒಂದರ ಹಿಂದೊಂದು ಬಂದವು. ತರಬೇತಿಯವರು ಬೇರೆ ಜಾಗ ನೋಡಿಕೊಂಡರು.

ಅವ್ವ ತೀರಿಕೊಂಡು ಕೆಲವು ವರ್ಷಗಳಾದವು. ನಾನು ಭೂವಿಜ್ಞಾನಿಯಾಗಿಯೇ ಉಳಿದದ್ದು ಅವಳಿಂದ. ಅವಳನ್ನು ನೆನೆದಾಗ ಕಣ್ಣ ಮುಂದೆ ನಿಲ್ಲುವುದು ಅಂತಿಮ ವರದಿ ಅಚ್ಚಾಗಿ ಬಂದ ದಿನ. 'ಮೊದಲು ಗುರುತಿಸಿದವರು' ಎಂಬಲ್ಲಿ ನಾನು ಅವಳ ಪೂರ್ತಿ ಹೆಸರು ಬರೆದಿದ್ದೆ. ಕೂಲಿಯವರ ಹೆಸರು ಯಾಕೆಂದು ಮಾಲೀಕರು ಆಕ್ಷೇಪಿಸಿದ್ದರು, ನಾನು ತೆಗೆದಿರಲಿಲ್ಲ. ಅದನ್ನು ಓದಿ ಹೇಳಿದಾಗ ಅವ್ವ ಸೆರಗಿನಿಂದ ಕೈ ಒರೆಸಿಕೊಂಡು, ಆ ಸಾಲನ್ನು ಮುಟ್ಟಿ ನೋಡಿದಳು. ಆಮೇಲೆ ಮಾಲೀಕರ ಕೋಣೆಯತ್ತ ಕಣ್ಣು ಹಾಯಿಸಿ ನಕ್ಕಳು.

"ಇನ್ನೊಮ್ಮೆ ಓದ್ರಿ ಅಕ್ಕಾರ. ಈ ಸಲ ಅವರಿಗೂ ಕೇಳೂಹಂಗ."

ಎದ್ದು ನಿಂತು, ಗಂಟಲೆತ್ತಿ ಓದಿದೆ.