ಗೇಟಿನ ಕಡೆಗೆ ಮುಖ ಮಾಡಿ

ಗಂಜಿ ಹಾಕಿ, ನೀಲಿ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿದ ಬಿಳಿ ಹತ್ತಿ ಸೀರೆಗೆ ಅದರದೇ ಒಂದು ವಾಸನೆ ಇರುತ್ತದೆ. ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ನೂಲು, ಗಂಜಿ ನನಗೆ ಹೊಸದಲ್ಲ. ಆದರೂ ಮೊನ್ನೆ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಎಳೆ ವಯಸ್ಸಿನ ಸಿಸ್ಟರ್ ಒಬ್ಬರು ನನ್ನ ಕುರ್ಚಿಯ ಪಕ್ಕದಿಂದ ಸರಸರ ಹಾದುಹೋದಾಗ, ಆ ವಾಸನೆಗೆ ಬೆಚ್ಚಿದೆ. ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ಎದ್ದು ನಿಂತು ನೋಡಿದೆ. ಅವರಲ್ಲ. ಅವರು ಹೇಗೆ ಆಗುತ್ತಾರೆ...

ಅದು ಸಂತೋಷದ ದಿನ, ಅದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಮ್ಮೂರಿನ ಸಿಸ್ಟರುಗಳ ಶಾಲೆಯಲ್ಲಿ ನನ್ನ ಮೊಮ್ಮಗಳು ಈಗ ಹತ್ತನೆಯ ಇಯತ್ತೆ. ಈ ವರ್ಷ ಇಡೀ ಶಾಲೆಗೆ ಅವಳೇ ನಾಯಕಿ. ಥ್ರೋಬಾಲ್ ಗೆದ್ದು ಬಾಗಲಕೋಟೆಯಿಂದ ಕಪ್ಪು ತಂದರು, ಎತ್ತಿದವಳು ಇವಳು. ಜಮಖಂಡಿಯಲ್ಲಿ ಭಾಷಣ ಮಾಡಿ ಬಂದಳು, ಅಲ್ಲೂ ಮೊದಲನೆಯವಳು. ಆ ದಿನ ವೇದಿಕೆಯ ಮೇಲೆ ನಿಂತು ಶಾಲೆಯ ವರ್ಷದ ವರದಿಯನ್ನು ಊರಿನ ಹಿರಿಯರ ಮುಂದೆ ಒಂದೇ ಒಂದು ಸಲವೂ ತಡವರಿಸದೆ ಓದಿದಳು. ಅವಳು ಓದುತ್ತ ಹೋದಂತೆ ನಾನು ಪಕ್ಕದ ಹೆಣ್ಣುಮಗಳ ಮೊಣಕೈ ತಿವಿಯುತ್ತ ಹೋದೆ.

"ನಮ್ಮ ಹುಡುಗಿರಿ ಆಕಿ."

"ಗೊತ್ತಾತು ಬಿಡ್ರಿ ಅಜ್ಜಿ," ಎಂದು ಆಕೆ ಕೊನೆಗೆ ನಕ್ಕಳು. "ಇನ್ನ ತಿವದ್ರ ನನ್ನ ಕೈ ಹೋಗ್ತೈತಿ."

ಓದಿನ ನಡುವೆ ಮೊಮ್ಮಗಳು ಶಾಲೆಯ ಪದ್ಧತಿಗಳನ್ನೂ ಹೇಳಿದಳು. ಕ್ರಿಸ್‌ಮಸ್‌ಗೆ ಕಟ್ಟುವ ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಗೊಂಬೆಮನೆಯಲ್ಲಿ, ಮಲಗಿಸುವ ಕೂಸಿಗೆ ಪ್ರತಿವರ್ಷ ನೇಕಾರರ ಮನೆಯವರು ಹೊಸ ಕುಂಚಿಗೆ ಹೊಲಿದು ಕೊಡುವುದು ನಮ್ಮ ಶಾಲೆಯ ಹಳೆಯ ಪದ್ಧತಿ, ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. ಅವಳ ತಾಯಿಗೆ ಆ ದಿನ ಬರಲಾಗಿರಲಿಲ್ಲ; ಆ ಪದ್ಧತಿ ಎಲ್ಲಿ ಹುಟ್ಟಿತು ಎಂಬುದು ಅಲ್ಲಿ ಕುಳಿತವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಮಕ್ಕಳು ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ನಾವು ಹೆಂಗಸರು ಸಿಸ್ಟರ್‌ಬಾಯಿ ಎನ್ನುತ್ತಿದ್ದೆವು. ಮಂಗಳೂರಿನ ಕಡೆಯವರು. ನನ್ನ ಮಗಳು, ಅಂದರೆ ಈ ಮೊಮ್ಮಗಳ ತಾಯಿ, ಓದುವಾಗ ಅವರೇ ಶಾಲೆಯ ಮುಖ್ಯಸ್ಥರು. ಎತ್ತರದ ಹೆಂಗಸು, ಕಾಲಿಗೆ ಹವಾಯಿ ಚಪ್ಪಲಿ, ಬಾಯಲ್ಲಿ ಸದಾ ಒಂದು ಲವಂಗ. ಅವರ ಕನ್ನಡ ಕೇಳಿ ನಮ್ಮ ಓಣಿಯ ಹುಡುಗರು "ಎಂಥದು ಮಾರಾಯ್ತಿ" ಎಂದು ಅಣಕಿಸುತ್ತ ಓಡುತ್ತಿದ್ದರು. ಅವರು ಸಿಟ್ಟಾಗುತ್ತಿರಲಿಲ್ಲ. ತಾವೂ "ಏನಲೇ ತಮ್ಮಾ" ಎಂದು ನಮ್ಮ ಮಾತನ್ನು ತಿರುಗಿಸಿ ಒಗೆಯುತ್ತಿದ್ದರು. ಅದು ಅವರ ಬಾಯಲ್ಲಿ ಎಷ್ಟು ಮೆತ್ತಗೆ ಬರುತ್ತಿತ್ತೆಂದರೆ ಹುಡುಗರಿಗೇ ನಾಚಿಕೆಯಾಗುತ್ತಿತ್ತು. ನಮ್ಮ ಮನೆಗೆ ಬಂದರೆ ಖಡಕ್ ರೊಟ್ಟಿ ಕೇಳಿ ತಿನ್ನುತ್ತಿದ್ದರು. ಕಟಂ ಎಂದು ಸದ್ದಾದಾಗ ತಾವೇ ಬೆಚ್ಚಿ ನಗುತ್ತಿದ್ದರು.

ಆ ವರ್ಷ ಶಾಲೆಯ ಮೊದಲ ಹತ್ತನೆಯ ತಂಡ ಪರೀಕ್ಷೆಗೆ ಕೂರುವುದಿತ್ತು. ಕೆಲವೇ ಹುಡುಗಿಯರು, ಅವರಲ್ಲಿ ನನ್ನ ಮಗಳು ಒಬ್ಬಳು. ತಗಡಿನ ಮಾಡಿನ ಶಾಲೆ, ಆಟದ ಬಯಲು ಎಂದರೆ ಬರೀ ಮುಳ್ಳು. ಆದರೂ ಆ ಹುಡುಗಿಯರು ಖೋಖೋದಲ್ಲಿ ಜಮಖಂಡಿಯ ದೊಡ್ಡ ಶಾಲೆಯವರನ್ನು ಸೋಲಿಸಿ ಕಪ್ಪು ತಂದರು. ಸಿಸ್ಟರ್‌ಬಾಯಿ ಆ ಕಪ್ಪನ್ನು ಸೆರಗಿನಲ್ಲಿ ಒರೆಸುತ್ತ ಮನೆಮನೆಗೆ ತೋರಿಸಿದರು. ಮುಂದಿನದು ಪರೀಕ್ಷೆ, ಒಬ್ಬಳೂ ಉಳಿಯಬಾರದು, ಎಂದರು.

ಡಿಸೆಂಬರಿನಲ್ಲಿ ಕ್ರಿಸ್‌ಮಸ್ ನಾಟಕ. ನನ್ನ ಮಗಳದು ಯೇಸುವಿನ ತಾಯಿ ಮರಿಯಮ್ಮನ ಪಾತ್ರ. ಕೂಸಿನ ಗೊಂಬೆ ಬರೀ ಮೈಯಲ್ಲಿ ಹುಲ್ಲಿನ ಮೇಲೆ ಮಲಗಿದ್ದು ಅವಳಿಗೆ ನೋಡಲಾಗಲಿಲ್ಲವಂತೆ. ಯಾರನ್ನೂ ಕೇಳದೆ ನಮ್ಮ ಮನೆಯ ಟ್ರಂಕಿನಿಂದ ಕುಂಚಿಗೆ ತೆಗೆದುಕೊಂಡು ಹೋಗಿ ಗೊಂಬೆಗೆ ತೊಡಿಸಿಬಿಟ್ಟಳು. ಕೂಸಿನ ತಲೆಗೆ ಟೊಪ್ಪಿಗೆಯಂತೆ ಕುಳಿತು ಬೆನ್ನ ಮೇಲೆ ಇಳಿಯುವ ಬಟ್ಟೆ ಅದು. ನನ್ನ ಗಂಡ ಹುಟ್ಟಿದಾಗ ತೊಟ್ಟದ್ದು, ಮಗಳು ಹುಟ್ಟಿದಾಗ ತೊಟ್ಟದ್ದು. ಆಗ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ತುಂಬಿದ ಬಸುರಿ. ಹುಟ್ಟುವ ಕೂಸಿಗೆಂದು ಅತ್ತೆ ಅದನ್ನು ಒಗೆದು ಮಡಿಚಿ ಇಟ್ಟಿದ್ದರು. ಬಸುರಿ ಇರುವ ಮನೆಯಿಂದ ಕುಂಚಿಗೆ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯಲ್ಲಿ ಮೊದಲಿನಿಂದ ಬಂದದ್ದು.

ನಾಟಕ ನೋಡಲು ಅತ್ತೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಗೊಂಬೆಯ ತಲೆಯ ಮೇಲಿನ ಕೆಂಪು ಅಂಚನ್ನು ಗುರುತಿಸಿದರು. ಎದ್ದವರು ನೆಟ್ಟಗೆ ಮನೆಗೆ ನಡೆದರು. ಮರುದಿನದಿಂದ ನನ್ನ ಮಗಳ ಶಾಲೆ ಬಂದಾಯಿತು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಅತ್ತೆಯ ಕಣ್ಣೆದುರೇ ಕೂರಬೇಕು. ನಮ್ಮವರು ಅವ್ವನ ಮಾತಿಗೆ ಎದುರಾಡಿದವರಲ್ಲ. ನಾನು ಒಂದು ಸಲ ಬಾಯಿ ತೆರೆದೆ. "ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ ನೀ ಹೊಣಿ ಆಗ್ತೀಯೇನ ಬೇ?" ಎಂದರು ಅತ್ತೆ. ಹೋಗಿ ಒಲೆಯ ಮುಂದೆ ಕುಳಿತೆ.

ರಜೆ ಮುಗಿದ ಮೇಲೆ ಸಿಸ್ಟರ್‌ಬಾಯಿ ಮನೆಗೆ ಬಂದರು. ಕುಂಚಿಗೆಯನ್ನು ಒಗೆದು, ಇಸ್ತ್ರಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ತಂದಿದ್ದರು. ಅತ್ತೆ ಗೋಡೆಯ ಕಡೆ ತಿರುಗಿ ಕುಳಿತರು.

"ತಪ್ಪಾಯ್ತು ಅಮ್ಮ, ನಮಗೆ ಗೊತ್ತಿರಲಿಲ್ಲ. ಹುಡುಗಿಗೆ ಮಾರ್ಚಿನಲ್ಲಿ ಪರೀಕ್ಷೆ ಉಂಟು."

"ಅದನ್ನ ವಾಪಸ್ ಒಯ್ರಿ," ಎಂದರು ಅತ್ತೆ, ಗೋಡೆಗೇ. "ಹೊರಗಿನ ಕೂಸಿಗೆ ಹಾಕಿದ್ದು ನಮ್ಮ ಕೂಸಿಗೆ ಬರೂದಿಲ್ಲ. ಹುಡುಗಿ ಸುದ್ದಿ ತಗೀಬ್ಯಾಡ್ರಿ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಸಿಸ್ಟರ್‌ಬಾಯಿ ನನಗೆ ಮೆಲ್ಲಗೆ ಹೇಳಿದರು, "ನಾನು ಕಾಯ್ತೇನೆ ಅಂತ ಅವಳಿಗೆ ಹೇಳಿ." ಹೋಗುವವರು ಹೇಳುವ ಮಾತು ಎಂದುಕೊಂಡೆ.

ಅವರು ನಿಜವಾಗಿಯೂ ಕಾಯಲು ಶುರು ಮಾಡಿದರು. ಮರುದಿನ ಬೆಳಿಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತ ಮೇಲೆ, ಎಲ್ಲರನ್ನೂ ಗೇಟಿನ ಕಡೆಗೆ ತಿರುಗಿ ನಿಲ್ಲಲು ಹೇಳಿದರಂತೆ. ಒಬ್ಬರು ಬರುವವರಿದ್ದಾರೆ, ಅವರು ಬರಲಿ, ಆಮೇಲೆ ಪ್ರಾರ್ಥನೆ, ಎಂದರಂತೆ. ತಾವೂ ಗೇಟಿನ ಪಕ್ಕದಲ್ಲಿ ನಿಂತರು. ಬಹಳ ಹೊತ್ತಿನ ಮೇಲೆ ಮಕ್ಕಳನ್ನು ಘಂಟೆ ಇಲ್ಲದೆಯೇ ಒಳಗೆ ಕಳಿಸಿದರು. ಮರುದಿನವೂ ಹಾಗೆಯೇ. ಅದರ ಮರುದಿನವೂ. ಘಂಟೆಯ ಸದ್ದಿಗೆ ಕೆಲಸದ ಹೊತ್ತು ಲೆಕ್ಕ ಹಿಡಿಯುತ್ತಿದ್ದ ಓಣಿಗೆ ಬೆಳಗು ಆದಂತೆಯೇ ಅನಿಸಲಿಲ್ಲ. ಕಂಡಿಕೆ ಸುತ್ತುತ್ತಿದ್ದ ನನ್ನ ಮಗಳ ಕೈ ಆ ಹೊತ್ತಿಗೆ ತಾನಾಗಿಯೇ ನಿಲ್ಲುತ್ತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸದ್ದಿಲ್ಲದೆ.

ಕೊನೆಗೆ ಎದುರು ಮನೆಯಾಕೆ ನಮ್ಮ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಯಮ್ಮಾ, ನಿಮ್ಮ ಮೊಮ್ಮಗಳು ಸಾಲಿಗೆ ಬರೂತನ ಘಂಟಿ ಹೊಡ್ಯಾಂಗಿಲ್ಲಂತ. ನಮ್ಮ ಹುಡುಗ್ರು ದಿನಾ ಬಿಸಲಾಗ ನಿಂತು ಕರಕ ಆಗಾಕತ್ತಾವು."

"ಚಳಿಗಾಲದ ಬಿಸಲು ಛಲೋ," ಎಂದರು ಅತ್ತೆ. "ಮೊದಲ ನಿನ್ನ ಮಗ ಏನ ಭಾಳ ಬೆಳ್ಳಗಿದ್ದಾನ?"

ಬಾಯಿ ಗೆದ್ದಿತು, ಮನಸ್ಸಿಗೆ ಚುಚ್ಚಿತ್ತು. ಮರುದಿನ ಬೆಳಿಗ್ಗೆಯೇ ಜಗಳಕ್ಕೆ ಹೊರಟರು. ಜಗಳಕ್ಕೆ ಹೋಗುವಾಗಲೂ ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಕುಂಕುಮ ತಿದ್ದಿಕೊಂಡರು. ಹಿಂದೆ ನಾನು. ದಾರಿಯುದ್ದಕ್ಕೂ ಬೈಗುಳಗಳನ್ನು ತಮ್ಮೊಳಗೇ ಉರು ಹೊಡೆಯುತ್ತ ನಡೆದರು.

ಗೇಟು ತೆರೆದೇ ಇತ್ತು. ಅತ್ತೆ ಒಳಗೆ ಒಂದು ಕಾಲು ಇಟ್ಟರು, ಅಷ್ಟೇ. ಅಷ್ಟೂ ಮಕ್ಕಳು ಒಟ್ಟಿಗೆ ಕೈ ಮುಗಿದು "ನಮಸ್ಕಾರ್ರೀ ಅಜ್ಜೀ!" ಎಂದು ಕೂಗಿದರು. ಬರುವವರು ಯಾರು ಎಂದು ಸಣ್ಣ ಮಕ್ಕಳಿಗೆ ಗೊತ್ತಿರಲಿಲ್ಲ. ಬಂದವರಿಗೆ ಕೈ ಮುಗಿಯಬೇಕು ಎಂದಷ್ಟೇ ಗೊತ್ತಿತ್ತು. ಇಷ್ಟು ದಿನ ಕಾದದ್ದು ಈ ಅಜ್ಜಿಗೇ ಎಂದು ತಿಳಿದುಬಿಟ್ಟವು. ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿಯಂತೂ ಕುಣಿದಾಡಿತು.

"ಸಿಸ್ಟರ್, ಬಂದ್ರು! ಅಜ್ಜಿ ಬಂದ್ರು! ಇನ್ನ ಘಂಟಿ ಹೊಡೀರಿ!"

ಅತ್ತೆಯ ಬಾಯಲ್ಲಿ ಉರು ಹೊಡೆದದ್ದೆಲ್ಲ ಹಾಗೆಯೇ ಉಳಿಯಿತು. ನನ್ನ ಕಡೆ ನೋಡಿದರು. "ಇವು ನನಗ್ಯಾಕ ಕೈ ಮುಗ್ಯಾಕತ್ತಾವು?"

"ನಿಮ್ಮನ್ನೇ ಅಮ್ಮ ಕಾಯ್ತಿದ್ದದ್ದು," ಎಂದರು ಸಿಸ್ಟರ್‌ಬಾಯಿ. ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. "ನೀವು ಬರದೆ ಅವಳು ಬರ್ತಾಳಾ?"

ಅತ್ತೆ ಬಹಳ ಹೊತ್ತು ಆ ಮಕ್ಕಳ ಕೈಗಳನ್ನು ನೋಡಿದರು. ಒಂದೂ ಇಳಿದಿರಲಿಲ್ಲ. "ಭಾಳ ಬೆರಕಿ ಅದೀರಿ ಬಿಡ್ರಿ ನೀವು," ಎಂದರು. "ನಾಳಿಂದ ಬರ್ತಾಳ. ಹುಡುಗ್ರನ್ನ ನೆಳ್ಳಿಗೆ ಕಳಸ್ರಿ." ಹೊರಟವರು ಮತ್ತೆ ತಿರುಗಿದರು. "ಮತ್ತ ಮುಂದಿನ ವರ್ಷ ಮಂದಿ ಮನಿ ಕುಂಚಿಗಿ ಮುಟ್ಟಬ್ಯಾಡ್ರಿ. ಆ ನಿಮ್ಮ ಕೂಸಿಗೆ ನಾನ ಒಂದು ಹೊಲದು ಕೊಡ್ತೇನಿ."

ಮರುದಿನ ಘಂಟೆ ಹೊಡೆಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಹೆಂಚಿನ ಮೇಲೆ ರೊಟ್ಟಿ ಹೊತ್ತಿದ್ದು ತಿಳಿಯಲಿಲ್ಲ. ನೆಗೆಣ್ಣಿಗೆ ಗಂಡು ಕೂಸು ಹುಟ್ಟಿತು, ಗುಂಡುಕಲ್ಲಿನಂತೆ ಗಟ್ಟಿ. ಅತ್ತೆ ಒಂದೇ ಬಟ್ಟೆಯಲ್ಲಿ ಎರಡು ಕುಂಚಿಗೆ ಹೊಲಿದರು, ಒಂದು ಮನೆಯ ಕೂಸಿಗೆ, ಒಂದು ಶಾಲೆಯ ಕೂಸಿಗೆ.

ಪರೀಕ್ಷೆಯಲ್ಲಿ ಅಷ್ಟೂ ಹುಡುಗಿಯರು ಪಾಸಾದರು. ನನ್ನ ಮಗಳಿಗೆ ಫಸ್ಟ್ ಕ್ಲಾಸ್. ಪೇಢೆಯ ಡಬ್ಬಿ ಹಿಡಿದು ತಾಯಿ ಮಗಳು ಶಾಲೆಗೆ ಓಡಿದೆವು. ಅಲ್ಲಿ ಬೇರೊಬ್ಬ ಸಿಸ್ಟರ್ ಇದ್ದರು. ಮೇಲಿನವರಿಂದ ವರ್ಗದ ಅಪ್ಪಣೆ ಬಂದಿತ್ತಂತೆ, ಅವರಲ್ಲಿ ಅದಕ್ಕೆ ಎದುರು ಮಾತಿಲ್ಲವಂತೆ. ಸೂಟಿಯಲ್ಲಿ, ಮಕ್ಕಳಿಲ್ಲದ ಹೊತ್ತಿನಲ್ಲಿ, ಸಿಸ್ಟರ್‌ಬಾಯಿ ಒಂದೇ ಒಂದು ಪೆಟ್ಟಿಗೆ ಹಿಡಿದು ವಿಜಾಪುರದ ಬಸ್ಸು ಹತ್ತಿ ಹೋಗಿದ್ದರು. ಯಾರಿಗೂ ಹೇಳಿರಲಿಲ್ಲ. ಮಗಳು ಗೇಟಿನ ಹತ್ತಿರ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತಳು. ಕೈ ಹಿಡಿದು ಎಳೆದರೂ ಬರಲಿಲ್ಲ.

"ಬರ್ತಾರ ತಡೀಬೇ ಅವ್ವಾ. ನಾ ಪಾಸಾದದ್ದು ಕೇಳಾಕರ ಬರ್ತಾರ."

ಮಧ್ಯಾಹ್ನದ ತನಕ ನಿಂತೆವು...

ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಆ ದಾರಿಯಲ್ಲಿ ಹೋಗುತ್ತಿದ್ದೆ. ಮಕ್ಕಳೆಲ್ಲ ಗೇಟಿನ ಕಡೆ ಮುಖ ಮಾಡಿ ಸುಮ್ಮನೆ ನಿಂತಿದ್ದರು. ಬಂದರು, ಸಿಸ್ಟರ್‌ಬಾಯಿ ಬಂದರು, ಎಂದು ಓಡಿಹೋದೆ. ಯಾರೂ ಇರಲಿಲ್ಲ. ಮಕ್ಕಳು ರೂಢಿಯಲ್ಲಿ ತಾವಾಗಿಯೇ ಹಾಗೆ ತಿರುಗಿ ನಿಂತಿದ್ದರು. ಹೊಸ ಸಿಸ್ಟರ್ ಅದು ಈ ಶಾಲೆಯ ಪದ್ಧತಿ ಇರಬೇಕೆಂದು ಬಿಟ್ಟಿದ್ದರು. ಆಮೇಲೆ ಬಂದವರೂ ಬಿಟ್ಟರು. ಸಿಸ್ಟರ್‌ಬಾಯಿ ತೀರಿಕೊಂಡರು ಎಂಬ ಸುದ್ದಿ ಎಷ್ಟೋ ವರ್ಷದ ಮೇಲೆ ಯಾರದೋ ಬಾಯಿಂದ ಬಂತು. ಯಾವ ಊರಿನ ಮಣ್ಣಿನಲ್ಲಿ ಮಲಗಿದ್ದಾರೋ ತಿಳಿಯದು. ನನಗೆ ಮಾತ್ರ ಅವರು ಅಲ್ಲಿಯೇ ಇದ್ದಾರೆ. ಮೊಮ್ಮಗಳನ್ನು ಬಿಡಲು ಹೋದ ಎಷ್ಟೋ ಬೆಳಿಗ್ಗೆ ಗೇಟಿನ ಪಕ್ಕದಲ್ಲಿ ಬೆಳ್ಳಗೆ ಏನೋ ನಿಂತಂತೆ ಕಂಡು ಸೆರಗು ಸರಿಮಾಡಿಕೊಳ್ಳುತ್ತೇನೆ. ನೆಟ್ಟಗೆ ನೋಡಿದರೆ ಸುಣ್ಣ ಬಳಿದ ಕಂಬ.

ಆ ದಿನ ಮೊಮ್ಮಗಳು ವರದಿ ಓದಿ ಮುಗಿಸಿ, ಈಗ ನಮ್ಮ ಶಾಲೆಯ ಪದ್ಧತಿಯಂತೆ ಎಲ್ಲರೂ ಎದ್ದು ಗೇಟಿನ ಕಡೆಗೆ ತಿರುಗಿ ಒಂದು ಕ್ಷಣ ಮೌನವಾಗಿ ನಿಲ್ಲಬೇಕು, ಎಂದಳು. ಎಲ್ಲರೂ ತಿರುಗಿದರು, ಸತ್ತವರಿಗೆ ಮಾಡುವಂತೆ ತಲೆ ತಗ್ಗಿಸಿದರು. ನಾನು ಕಣ್ಣು ತೆರೆದು ರಸ್ತೆಯನ್ನೇ ನೋಡುತ್ತಿದ್ದೆ. ಸೀರೆಯ ಗಂಟು ಹೇರಿದ ಒಂದು ಟಂಟಂ ಆಟೊ ಹೋಯಿತು. ಒಬ್ಬ ಸೈಕಲ್ಲಿನವನು ಹೋದ.

ಕಾರ್ಯಕ್ರಮ ಮುಗಿದ ಮೇಲೆ ಮೊಮ್ಮಗಳು ಕಪ್ಪು ಎದೆಗೆ ಅವುಚಿಕೊಂಡು ಓಡಿ ಬಂದಳು. ಮುಖ ದೀಪದ ಹಾಗೆ ಉರಿಯುತ್ತಿತ್ತು. ನಾನು ಅವಳ ಎರಡೂ ಗಲ್ಲ ಸವರಿ ನೆಟಿಗೆ ಮುರಿದೆ.

"ಅಜ್ಜಿ, ಎಲ್ಲಾರೂ ತಲಿ ಬಗ್ಗಿಸಿದ್ರು, ನೀ ಯಾಕ ಬಗ್ಗಿಸಲಿಲ್ಲ?"

"ಕಾಯೋರು ತಲಿ ಎತ್ತೇ ನಿಂದರ್ಬೇಕವ್ವಾ," ಎಂದೆ.

"ಯಾರನ್ನ ಕಾಯಾಕತ್ತಿದ್ದಿ?"

ನಾನು ಆ ಕಪ್ಪನ್ನು ಸೆರಗಿನಲ್ಲಿ ಒರೆಸಿದೆ. ಜನರೆಲ್ಲ ಹೋಗಿದ್ದರು. ಗೇಟಿನ ಕಾವಲುಗಾರ ಕೀಲಿ ಹಿಡಿದು ನಮ್ಮ ಹಿಂದೆಯೇ ಬಂದು ನಿಂತಿದ್ದ.

"ಇನ್ನ ಯಾರರ ಬರೋರು ಅದಾರೇನ್ರಿ ಅಜ್ಜಿ? ಗೇಟ್ ಹಾಕ್ತೇನಿ."

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಇನ್ನೊಮ್ಮೆ ರಸ್ತೆಯ ಎರಡೂ ಕಡೆ ನೋಡಿದೆ.

"ಯಾರೂ ಇಲ್ಲಪ್ಪಾ," ಎಂದೆ. "ಹಾಕು."